ಕ್ಯಾಚಿಂಗ್ ಕಲಿಸಿದವರಿಗೆ ಇಡೀ ತಂಡವನ್ನು ಒಪ್ಪಿಸುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ: ಘಟಪ್ರಭಾ ದಂಡೆ (ಮುಧೋಳ)

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯ ಕಬಡ್ಡಿ ತಂಡದ ಕಾರ್ಯದರ್ಶಿ. ಕಬ್ಬಿನ ಹಂಗಾಮು ಮುಗಿದು ಜಾತ್ರೆಗಳು ಶುರುವಾದವೆಂದರೆ ನಮ್ಮ ಹುಡುಗರು ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ಮೂರೂ ಜಿಲ್ಲೆಗಳ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋಗುತ್ತಾರೆ. ಆರು ವರ್ಷ ತಂಡವನ್ನು ಕಟ್ಟಿದ ಮುಖ್ಯ ತರಬೇತುದಾರರು ನೌಕರಿಯ ವರ್ಗಾವಣೆಯಿಂದಾಗಿ ಬೇರೆ ಜಿಲ್ಲೆಗೆ ಹೊರಟಿದ್ದಾರೆ. ಅವರ ಜಾಗಕ್ಕೆ ಈಗ ಇಬ್ಬರ ಹೆಸರು ಕೇಳಿಬರುತ್ತಿದೆ. ಒಬ್ಬರು ಮೂರು ವರ್ಷಗಳಿಂದ ನಮ್ಮಲ್ಲೇ ಕ್ಯಾಚಿಂಗ್, ಅಂದರೆ ಒಳಗೆ ಬಂದ ರೈಡರನ್ನು ಹಿಡಿಯುವುದನ್ನು, ಕಲಿಸುತ್ತಿರುವವರು. ಇನ್ನೊಬ್ಬರು ಹೊರಗಿನವರು, ಒಂದು ಕಾಲದಲ್ಲಿ ಒಳ್ಳೆಯ ರೈಡರ್ ಆಗಿದ್ದವರು, ಬೇರೊಂದು ತಂಡವನ್ನು ಎರಡು ವರ್ಷ ನಡೆಸಿದ ಅನುಭವ ಇರುವವರು.

ನನ್ನ ಮನಸ್ಸು ಮೊದಲನೆಯವರ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ಬರುವ ಮೊದಲು ನಮ್ಮ ಮೂಲೆಯ ಹುಡುಗರು ರೈಡರ್ ಕಾಲು ಚಾಚಿದ ಕೂಡಲೇ ನೆಗೆದು ಬೀಳುತ್ತಿದ್ದರು ಮತ್ತು ಸುಮ್ಮನೆ ಅಂಕ ಕೊಟ್ಟು ಬರುತ್ತಿದ್ದರು. ಈಗ ಅವನು ಮರಳಲು ಮೈ ತಿರುಗಿಸುವವರೆಗೆ ಕಾಯುತ್ತಾರೆ, ಕಾಲು ಹಿಡಿದವನ ಬೆನ್ನಿಗೆ ಕವರ್ ಆಟಗಾರ ಆ ಕ್ಷಣವೇ ಬಂದು ಸೇರುತ್ತಾನೆ. ಆದರೆ ಕಳೆದ ಜಾತ್ರೆಯ ಸೆಮಿಫೈನಲ್‌ನಲ್ಲಿ ಮುಖ್ಯ ತರಬೇತುದಾರರು ಇಲ್ಲದ ಕಾರಣ ಇವರೇ ತಂಡವನ್ನು ನಡೆಸಿದರು. ನಾಲ್ಕು ನಿಮಿಷ ಬಾಕಿ ಇರುವಾಗ 5 ಅಂಕ ಮುಂದಿದ್ದ ನಾವು ಆಲೌಟ್ ಆಗಿ 2 ಅಂಕಗಳಿಂದ ಸೋತೆವು; ಉಳಿದಿದ್ದ ಟೈಮ್‌ಔಟ್‌ಗಳನ್ನು ಅವರು ಕೇಳಲೇ ಇಲ್ಲ. ಸಮಿತಿಯಲ್ಲಿ ಅರ್ಧ ಜನ ಅದೊಂದನ್ನೇ ಹಿಡಿದು ಮಾತನಾಡುತ್ತಿದ್ದಾರೆ. ಮೂರು ವರ್ಷದ ಕೆಲಸವನ್ನೂ ಆ ನಾಲ್ಕು ನಿಮಿಷವನ್ನೂ ಹೇಗೆ ತೂಗಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ಎಡ ಮೂಲೆ (ಜಮಖಂಡಿ)

ಕಾರ್ಯದರ್ಶಿಗಳೇ, ನಾಲ್ಕು ನಿಮಿಷದ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಸ್ಕೋರ್ ಪುಸ್ತಕವನ್ನು ತೆಗೆದು, ಆ ಮೂರು ವರ್ಷದ ಕೆಲಸವೆಂದು ನೀವು ಕರೆಯುವುದರಲ್ಲಿ ಅವರದು ಎಷ್ಟು, ಹುಡುಗರದು ಎಷ್ಟು, ಹೊರಟು ನಿಂತಿರುವ ಮುಖ್ಯ ತರಬೇತುದಾರರದು ಎಷ್ಟು ಎಂಬುದನ್ನು ಬಿಡಿಸಿ ನೋಡಿ. ಇದನ್ನು ಮಾಡದೆ ಯಾರನ್ನಾದರೂ ಆರಿಸಿದರೆ ಮುಂದಿನ ವರ್ಷವೂ ಇದೇ ಪ್ರಶ್ನೆ ನಿಮ್ಮ ಮುಂದೆ ಇರುತ್ತದೆ.

ಸೂಪರ್ ಟ್ಯಾಕಲ್‌ಗಳ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೈಡರನ್ನು ಹಿಡಿದರೆ ಒಂದರ ಬದಲು 2 ಅಂಕ ಬರುತ್ತದೆ, ಜನ ಸಿಳ್ಳೆ ಹಾಕುತ್ತಾರೆ, ಮರುದಿನ ಊರೆಲ್ಲ ಅದೇ ಮಾತು. ಆದರೆ ಒಂದು ತಂಡ ಬಹಳ ಸೂಪರ್ ಟ್ಯಾಕಲ್ ಮಾಡಿದೆ ಎಂದರೆ ಅದು ಪದೇ ಪದೇ ಮೂರು ಜನಕ್ಕೆ ಇಳಿದಿತ್ತು ಎಂದೂ ಅರ್ಥ. ನೀವು ನೋಡಬೇಕಾದದ್ದು ಆರು ಅಥವಾ ಏಳು ಜನ ನಿಂತಿರುವಾಗ ಎಷ್ಟು ಸಲ ಹಿಡಿಯಲು ಹೋದರು, ಎಷ್ಟು ಸಲ ಹಿಡಿದರು, ಎಷ್ಟು ಸಲ ಅವಸರಪಟ್ಟು ಅಂಕ ಬಿಟ್ಟುಕೊಟ್ಟರು ಎಂಬುದನ್ನು. ಎದುರಾಳಿಯ ಎರಡು ರೈಡ್‌ಗಳನ್ನು ಖಾಲಿ ಕಳಿಸಿ, ಮೂರನೆಯದರಲ್ಲಿ ಅಂಕ ತರದಿದ್ದರೆ ರೈಡರ್ ಔಟ್ ಎಂಬ ಸ್ಥಿತಿಗೆ ತಂದು ಹಿಡಿದ ಟ್ಯಾಕಲ್‌ಗಳನ್ನು ಬೇರೆಯಾಗಿ ಎಣಿಸಿ. ಚೆನ್ನಾಗಿ ಕಲಿಸಿದವರ ಗುರುತು ಅಲ್ಲಿ ಸಿಗುತ್ತದೆ, ಏಕೆಂದರೆ ಕೈಕಟ್ಟಿ ಕಾಯುವುದನ್ನು ಹುಡುಗರಿಗೆ ಕಲಿಸುವುದು ನೆಗೆಯುವುದನ್ನು ಕಲಿಸುವುದಕ್ಕಿಂತ ಎಷ್ಟೋ ಕಷ್ಟ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ರೈಡರ್ ಒಬ್ಬನನ್ನು ಮುಟ್ಟಿ ಬಂದರೆ ನಮ್ಮವನೊಬ್ಬ ಒಳಗೆ ಬರುತ್ತಾನೆ. ಹಾಗಾಗಿ ಏಳು ಜನ ತುಂಬಿದ ರಕ್ಷಣೆಯ ಹಿಂದೆ ರೈಡರ್‌ನ ದುಡಿಮೆಯೂ ಇರುತ್ತದೆ. ನಿಮ್ಮ ಮುಖ್ಯ ರೈಡರ್ ಗಾಯಗೊಂಡು ಕುಳಿತ ಪಂದ್ಯಗಳಿದ್ದರೆ, ಆ ಪಂದ್ಯಗಳಲ್ಲಿ ಕ್ಯಾಚಿಂಗ್ ಹೇಗಿತ್ತು ಎಂಬುದನ್ನು ಹುಡುಕಿ ನೋಡಿ. ಕ್ರೀಡಾ ವಸತಿ ನಿಲಯದಲ್ಲಿ ಕಲಿತು ಬಂದ ಹುಡುಗರನ್ನು ಲೆಕ್ಕದಿಂದ ಬಿಟ್ಟು, ಮೂರು ವರ್ಷದ ಹಿಂದೆ ಯಾರೂ ಕರೆಯದಿದ್ದ ಊರಿನ ಹುಡುಗ ಈಗ ಹೇಗೆ ನಿಲ್ಲುತ್ತಾನೆ ಎಂಬುದನ್ನು ಗಮನಿಸಿ.

ಕ್ಯಾಚರ್ ಆಗಿದ್ದವರು ಇಡೀ ತಂಡ ನಡೆಸಲಾರರು ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಿದರೆ ಅವರಿಗೆ ಜೋಗಿಂದರ್ ನರ್ವಾಲ್ ಅವರನ್ನು ನೆನಪಿಸಿ. ಮೂಲೆಯಲ್ಲಿ ನಿಂತು ಆಡಿದ ಅವರು ನಾಯಕರಾಗಿ ದಬಂಗ್ ದೆಹಲಿಗೆ 2022ರ ಫೆಬ್ರುವರಿಯಲ್ಲಿ ಪ್ರೊ ಕಬಡ್ಡಿ ಪ್ರಶಸ್ತಿ ತಂದರು. ಅದೇ ತಂಡ 2025ರಲ್ಲಿ ಮತ್ತೆ ಗೆದ್ದಾಗ ತರಬೇತುದಾರರ ಜಾಗದಲ್ಲಿ ಅವರೇ ಇದ್ದರು.

ಉತ್ತರ: ಗೋಳಗುಮ್ಮಟದ ಊರಿನವ (ವಿಜಯಪುರ)

ಕೆಲಸದ ನಿಮಿತ್ತ ಒಂಬತ್ತು ವರ್ಷ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದು ಊರಿಗೆ ಮರಳಿದವನು ನಾನು. ಅಲ್ಲಿನ ಫುಟ್‌ಬಾಲ್ ತಂಡಗಳು ಪ್ರತಿ ಜನವರಿಯಲ್ಲಿ ತಲೆ ಕೆಡಿಸಿಕೊಳ್ಳುವುದು ನಿಮ್ಮ ಈ ಪ್ರಶ್ನೆಯ ಮೇಲೆಯೇ. ಅವರ ಫುಟ್‌ಬಾಲ್ ನಾವು ಕಾಲಿನಿಂದ ಆಡುವ ಆಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದೊಯ್ಯುವ ಆಟ. ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆಯೇ ಹನ್ನೊಂದು ಜನ. ರಕ್ಷಣೆಯನ್ನು ನೋಡಿಕೊಳ್ಳುವವರಿಗೆ ಡಿಫೆನ್ಸಿವ್ ಕೋಆರ್ಡಿನೇಟರ್ ಎಂದು ಹೆಸರು. ನಿಮ್ಮ ಮೊದಲನೆಯವರು ಮಾಡುತ್ತಿರುವುದೂ ಅದೇ ಕೆಲಸ.

ಸ್ಟೀವ್ ಸ್ಪಾಗ್ನುಯೊಲೊ ಎಂಬವರ ಕಥೆಯನ್ನು ನಿಮ್ಮ ಸಮಿತಿಗೆ ಹೇಳಲೇಬೇಕು. 2007ರ ಋತುವಿನಲ್ಲಿ ಅವರು ನ್ಯೂಯಾರ್ಕ್ ಜೈಂಟ್ಸ್ ತಂಡದ ರಕ್ಷಣೆಯನ್ನು ನೋಡಿಕೊಳ್ಳುತ್ತಿದ್ದರು. ಆ ವರ್ಷ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಲೀಗ್ ಹಂತದ 16 ಪಂದ್ಯಗಳಲ್ಲಿ 589 ಅಂಕ ಗಳಿಸಿ, ಸತತ 18 ಪಂದ್ಯ ಗೆದ್ದು ಫೈನಲ್‌ಗೆ ಬಂದಿತ್ತು. ಅಂಥ ತಂಡವನ್ನು 14 ಅಂಕಗಳಿಗೆ ಕಟ್ಟಿಹಾಕಿ ಜೈಂಟ್ಸ್ 17-14ರಿಂದ ಗೆದ್ದಿತು. ಒಂದು ವರ್ಷ ಕಳೆದು 2009ರಲ್ಲಿ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಮಾಡಿಕೊಂಡಿತು. ಮೂರು ಋತುಗಳ 48 ಪಂದ್ಯಗಳಲ್ಲಿ ಬಂದದ್ದು 10 ಗೆಲುವು ಮಾತ್ರ. ಅವರ ವಿದ್ಯೆ ಎಲ್ಲಿಯೂ ಹೋಗಿರಲಿಲ್ಲ, ಏಕೆಂದರೆ 2019ರಿಂದ ಕಾನ್ಸಾಸ್ ಸಿಟಿ ಚೀಫ್ಸ್ ತಂಡದಲ್ಲಿ ಮತ್ತೆ ರಕ್ಷಣೆಯನ್ನೇ ವಹಿಸಿಕೊಂಡು ಮೂರು ಸೂಪರ್ ಬೌಲ್ (ಅಲ್ಲಿನ ಲೀಗಿನ ಫೈನಲ್) ಗೆಲುವುಗಳಲ್ಲಿ ಪಾಲು ಪಡೆದರು. ಆ ರ್‍ಯಾಮ್ಸ್ ತಂಡವೇ ಬಡಕಲಾಗಿತ್ತು ಎಂಬುದನ್ನೂ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಅವರು ಬರುವ ಹಿಂದಿನ ವರ್ಷ ಅದು ಗೆದ್ದಿದ್ದು ಎರಡೇ ಪಂದ್ಯ.

ಇದಕ್ಕೆ ಎದುರಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹ್ಯೂಸ್ಟನ್ ಟೆಕ್ಸನ್ಸ್ ತಂಡ 2022ರಲ್ಲಿ 17 ಪಂದ್ಯಗಳಲ್ಲಿ 3 ಗೆದ್ದು, 13 ಸೋತು, ಒಂದನ್ನು ಸಮ ಮಾಡಿಕೊಂಡಿತ್ತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ತಂಡದ ರಕ್ಷಣೆಯನ್ನು ನಡೆಸುತ್ತಿದ್ದ ಡಿಮೀಕೊ ರಯಾನ್ಸ್ ಅವರನ್ನು ಕರೆತಂದರು. ಹಿಂದೆ ಹ್ಯೂಸ್ಟನ್ನಿಗೇ ಆಡಿದ್ದವರಾದ್ದರಿಂದ ಜನಕ್ಕೆ ಅವರ ಮೇಲೆ ಮೊದಲೇ ಪ್ರೀತಿ ಇತ್ತು. ಅದೇ ತಂಡ ಆ ವರ್ಷ 10 ಪಂದ್ಯ ಗೆದ್ದು ಮುಂದಿನ ಸುತ್ತಿಗೆ ಹೋಯಿತು. ಅವರು ತಮಗೆ ಗೊತ್ತಿಲ್ಲದ ದಾಳಿಯ ಭಾಗಕ್ಕೆ ಹಳೆಯ ತಂಡದಿಂದ ಬಾಬಿ ಸ್ಲೋವಿಕ್ ಎಂಬವರನ್ನು ಜೊತೆಗೆ ಕರೆತಂದಿದ್ದರು. ಎರಡು ವರ್ಷದ ನಂತರ ದಾಳಿ ಸೊರಗಿದಾಗ ಅದೇ ವ್ಯಕ್ತಿಯನ್ನು ತೆಗೆಯಲಾಯಿತು. ಕರೆತಂದವರನ್ನೇ ಕಳಿಸಿಕೊಡುವ ದಿನ ಬರುತ್ತದೆ ಎಂಬುದು ಮುಖ್ಯ ತರಬೇತುದಾರರಾಗುವವರಿಗೆ ತಿಳಿದಿರಬೇಕು.

ಡ್ಯಾನ್ ಕ್ವಿನ್ ಅವರದು ನಿಮ್ಮ ನಾಲ್ಕು ನಿಮಿಷಕ್ಕೆ ಸಂಬಂಧಿಸಿದ್ದು. ರಕ್ಷಣೆಯಿಂದಲೇ ಮೇಲೆ ಬಂದ ಅವರು ಅಟ್ಲಾಂಟಾ ಫಾಲ್ಕನ್ಸ್ ತಂಡವನ್ನು ನಡೆಸುತ್ತಿದ್ದಾಗ, 2017ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ 28-3ರಿಂದ ಮುಂದಿದ್ದು ಕೊನೆಗೆ 28-34ರಿಂದ ಸೋತರು. ಆ ಪಂದ್ಯ ನಡೆದದ್ದೂ ಹ್ಯೂಸ್ಟನ್‌ನಲ್ಲಿಯೇ. 2020ರಲ್ಲಿ ಕೆಲಸ ಕಳೆದುಕೊಂಡು, ಡಲ್ಲಾಸ್‌ನಲ್ಲಿ ಮತ್ತೆ ರಕ್ಷಣೆಯನ್ನು ನೋಡಿಕೊಂಡು, 2024ರಲ್ಲಿ ವಾಷಿಂಗ್ಟನ್ ತಂಡಕ್ಕೆ ಮುಖ್ಯಸ್ಥರಾಗಿ ಬಂದವರು ಮೊದಲ ವರ್ಷವೇ 12 ಪಂದ್ಯ ಗೆದ್ದರು. ಅಷ್ಟು ದೊಡ್ಡ ಸೋಲನ್ನು ಕಂಡವರನ್ನೂ ವಾಷಿಂಗ್ಟನ್‌ನವರು ಕೈಬಿಡಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನೀವು ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ನೀವು ಮುಖ್ಯಸ್ಥರಾದರೆ ರೈಡರ್‌ಗಳನ್ನು ಯಾರ ಕೈಗೆ ಒಪ್ಪಿಸುತ್ತೀರಿ, ಮತ್ತು ಆ ವ್ಯಕ್ತಿ ಬರಲು ಒಪ್ಪಿದ್ದಾರೆಯೇ?

ಉತ್ತರ: ಮಲಪ್ರಭಾ ಅಕ್ಕೋರು (ಬೆಳಗಾವಿ)

ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ಹುಡುಗಿಯರ ಕಬಡ್ಡಿ ತಂಡವನ್ನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ವಿಜಯಪುರದ ಸರ್ ಬರೆದದ್ದು ಬಹಳ ಉಪಯುಕ್ತವಾಗಿದೆ. ಆದರೂ ಒಂದು ವಿಷಯದಲ್ಲಿ ಅವರನ್ನು ಪೂರ್ತಿ ಒಪ್ಪಲಾರೆ. ಅಮೆರಿಕದ ಆಟದಲ್ಲಿ ದಾಳಿಯವರೂ ರಕ್ಷಣೆಯವರೂ ಬೇರೆ ಬೇರೆ. ನಮ್ಮಲ್ಲಿ ರೈಡ್ ಮುಗಿಸಿ ಬಂದವಳೇ ಮರುಕ್ಷಣ ಸರಪಳಿಯಲ್ಲಿ ಕೈ ಹಿಡಿದು ನಿಲ್ಲಬೇಕು. ಇದಕ್ಕಿಂತ ಮುಖ್ಯವಾಗಿ, ಕ್ಯಾಚಿಂಗ್ ಕಲಿಸುವವರು ದಿನವೂ ಅಭ್ಯಾಸದಲ್ಲಿ ತಮ್ಮದೇ ತಂಡದ ರೈಡರ್‌ಗಳ ಎದುರು ನಿಂತಿರುತ್ತಾರೆ. ಯಾವ ರೈಡರ್ ಎಡಕ್ಕೆ ಹೋದಾಗ ತಡಮಾಡುತ್ತಾನೆ, ಯಾರಿಗೆ ಬೋನಸ್ ಗೆರೆ ದಾಟಿ ಹೆಚ್ಚುವರಿ ಅಂಕ ಪಡೆಯುವ ಆಸೆ ಹೆಚ್ಚು, ಯಾರು 20ನೆಯ ಸೆಕೆಂಡಿನ ನಂತರ ಗಾಬರಿಯಾಗುತ್ತಾರೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಒಬ್ಬೊಬ್ಬ ರೈಡರ್‌ನ ಹೆಸರು ಹೇಳಿ, ಇವನು ಎಲ್ಲಿ ಸಿಕ್ಕಿಬೀಳುತ್ತಾನೆ, ಅದನ್ನು ಹೇಗೆ ತಿದ್ದುತ್ತೀರಿ ಎಂದು ಕೇಳಿ. ಮೊದಲ ಭಾಗಕ್ಕೆ ಅವರು ಸರಾಗವಾಗಿ ಉತ್ತರಿಸುತ್ತಾರೆ. ಎರಡನೆಯದಕ್ಕೆ ತಡವರಿಸಿದರೆ, ವಿಜಯಪುರದ ಸರ್ ಹೇಳಿದ ಜೊತೆಗಾರ ಬೇಕೇ ಬೇಕು.

ಕೊನೆಯ ನಿಮಿಷಗಳ ಬುದ್ಧಿಯನ್ನು ನೋಡಲು ಇಬ್ಬರು ಅಭ್ಯರ್ಥಿಗಳ ಮುಂದೆಯೂ ಒಂದೇ ಸನ್ನಿವೇಶವನ್ನು ಇಡಿ. 90 ಸೆಕೆಂಡು ಬಾಕಿ ಇದೆ, ನಾವು 2 ಅಂಕ ಮುಂದಿದ್ದೇವೆ, ನಮ್ಮ ಕಡೆ ನಾಲ್ವರು ಉಳಿದಿದ್ದಾರೆ, ಹಿಂದಿನ ನಮ್ಮ ಎರಡೂ ರೈಡ್ ಖಾಲಿಯಾಗಿವೆ, ಈಗ ರೈಡ್ ನಮ್ಮದೇ. ಒಂದು ರೈಡ್‌ಗೆ 30 ಸೆಕೆಂಡು ಎಂದರೆ ಪೂರ್ತಿ ಸಮಯ ಬಳಸಿದರೂ ಇನ್ನು ಮೂರು ರೈಡ್ ಉಳಿದಿವೆ, ಎರಡು ನಮ್ಮವು, ನಡುವಿನದು ಅವರದು. ಇದು ಮೂರನೆಯ ರೈಡ್ ಆದ್ದರಿಂದ ಬರಿಗೈಯಲ್ಲಿ ಬಂದವನು ಔಟ್. ಔಟಾದರೆ ಮುನ್ನಡೆ ಒಂದಕ್ಕೆ ಇಳಿಯುತ್ತದೆ, ನಮ್ಮವರು ಮೂವರಾಗುತ್ತಾರೆ. ಆದರೆ ಆಗ ಸೂಪರ್ ಟ್ಯಾಕಲ್‌ನ ಬಾಗಿಲು ನಮಗೆ ತೆರೆಯುತ್ತದೆ. ಇಲ್ಲಿ ಯಾರನ್ನು ಕಳಿಸುತ್ತೀರಿ? ಮುಖ್ಯ ರೈಡರನ್ನು ಕಳಿಸಿ ಅಂಕ ತರಿಸುವಿರೋ, ಎರಡನೆಯವನನ್ನು ಕಳಿಸಿ ಮೂಲೆಯ ಇಬ್ಬರನ್ನೂ ಮುಖ್ಯ ರೈಡರನ್ನೂ ಉಳಿಸಿಕೊಳ್ಳುವಿರೋ? ಎರಡಕ್ಕೂ ಕಾರಣ ಕೊಡಬಹುದು. ನಾನು ಕಿವಿಗೊಡುವುದು ಅವರು ಉತ್ತರಿಸುವ ಮೊದಲು ಮರುಪ್ರಶ್ನೆ ಕೇಳುತ್ತಾರೆಯೇ ಎಂಬುದಕ್ಕೆ. ಎದುರಾಳಿಗಳಲ್ಲಿ ಯಾರು ಹೊರಗಿದ್ದಾರೆ, ಯಾವ ಕ್ರಮದಲ್ಲಿ ಹೊರಗೆ ಹೋದರು ಎಂದು ಅವರೇ ಕೇಳಬೇಕು. ಏಕೆಂದರೆ ಮೊದಲು ಹೊರಹೋದವನೇ ಮೊದಲು ಒಳಬರುವುದು, ನಮ್ಮವನು ಔಟಾದರೆ ಎಬ್ಬಿಸಿದ ಹಾಗಾಗುವುದು ಅವರ ಒಳ್ಳೆಯ ರೈಡರನ್ನೇ ಇರಬಹುದು.

ಆ ಸೆಮಿಫೈನಲ್ ಬಗ್ಗೆ ಸಮಿತಿಯಲ್ಲಿ ಅವರ ಬೆನ್ನ ಹಿಂದೆ ಮಾತನಾಡುವ ಬದಲು ಅವರನ್ನೇ ಕೂರಿಸಿಕೊಂಡು ಕೇಳಿ. ಹುಡುಗರ ಹೆಸರು ಮೊದಲು ಬಂದರೆ ಎಚ್ಚರಿಕೆ ಇರಲಿ. ಇಂಥ ರೈಡ್ ಆದ ಮೇಲೆ ಟೈಮ್‌ಔಟ್ ಕೇಳಬೇಕಿತ್ತು ಎಂದು ಅವರು ಖಚಿತವಾಗಿ ತೋರಿಸಿದರೆ, ನನಗೆ ಅಷ್ಟು ಸಾಕು.

ಉತ್ತರ: ಘಟಪ್ರಭಾ ದಂಡೆ (ಮುಧೋಳ)

ಅಕ್ಕೋರೇ, ನಿಮ್ಮ ಮಾತಿನಂತೆ ನಿನ್ನೆ ರಾತ್ರಿ ಅಭ್ಯಾಸ ಮುಗಿದ ಮೇಲೆ ಅವರೊಂದಿಗೆ ಕುಳಿತು ಕೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ನಮ್ಮ ಬಲ ಮೂಲೆಯವನು ಔಟಾಗಿ ನಾಲ್ವರು ಉಳಿದಾಗಲೇ ಟೈಮ್‌ಔಟ್ ಕೇಳಬೇಕಿತ್ತು ಎಂದರು. ಕಣ್ಣೆಲ್ಲ ಎದುರಾಳಿ ರೈಡರ್‌ನ ಕಾಲಿನ ಮೇಲಿತ್ತು, ಗಡಿಯಾರದ ಕಡೆಗೆ ಹೋಗಲೇ ಇಲ್ಲ ಎಂದು ಅವರಾಗಿಯೇ ಒಪ್ಪಿಕೊಂಡರು. ನಿಮ್ಮ 90 ಸೆಕೆಂಡಿನ ಸನ್ನಿವೇಶಕ್ಕೆ ಅವರು ಮರುಪ್ರಶ್ನೆ ಕೇಳಿದರು. ಹೊರಗಿನವರನ್ನು ಭಾನುವಾರ ಕೇಳುವವನಿದ್ದೇನೆ.

ಜಮಖಂಡಿಯ ಸರ್, ನಮ್ಮ ಪುಸ್ತಕದಲ್ಲಿ ಮೂರನೆಯ ರೈಡ್‌ಗಳನ್ನು ಬೇರೆಯಾಗಿ ಬರೆದಿಟ್ಟಿಲ್ಲ. ಮೊಬೈಲ್‌ನಲ್ಲಿ ತೆಗೆದ ಪಂದ್ಯಗಳಿವೆ; ಇಬ್ಬರು ಹುಡುಗರನ್ನು ಕೂರಿಸಿ ಎಣಿಸುತ್ತಿದ್ದೇವೆ.

ತೊಡಕಾದದ್ದು ವಿಜಯಪುರದ ಸರ್ ಹೇಳಿದ ಪ್ರಶ್ನೆಯಲ್ಲಿ. ರೈಡರ್‌ಗಳನ್ನು ಯಾರಿಗೆ ಒಪ್ಪಿಸುತ್ತೀರಿ ಎಂದಾಗ ಅವರು ಹೇಳಿದ್ದು ನಮ್ಮೂರಿನವರದೇ ಒಂದು ಹೆಸರನ್ನು. ಒಂದು ಕಾಲಕ್ಕೆ ನಮ್ಮ ತಂಡದ ರೈಡರ್ ಆಗಿದ್ದ ಅವರು, ಬಹುಮಾನದ ಹಣ ಹಂಚುವ ವಿಷಯದಲ್ಲಿ ಸಮಿತಿಯೊಂದಿಗೆ ಮನಸ್ತಾಪವಾಗಿ ನಾಲ್ಕು ವರ್ಷದಿಂದ ಅಂಕಣದ ಕಡೆ ಬಂದಿಲ್ಲ. ಆ ದಿನ ಲೆಕ್ಕ ಬರೆದವನು ನಾನೇ, ಮತ್ತು ಅವರಿಗೆ ಸಲ್ಲಬೇಕಾದಷ್ಟು ಸಂದಿರಲಿಲ್ಲ. ನಾಳೆ ಬೆಳಗ್ಗೆ ಅವರ ಹೊಲಕ್ಕೆ ಹೋಗಿ ಮೊದಲು ಆ ಲೆಕ್ಕವನ್ನು ಸರಿಮಾಡುತ್ತೇನೆ. ರೈಡರ್‌ಗಳ ಮಾತನ್ನು ಆಮೇಲೆ ತೆಗೆಯುತ್ತೇನೆ.