ಬಾಗಿಲ ಚೌಕಟ್ಟಿನ ಗೆದ್ದಲು, ತೋಟದ ಹುತ್ತದ ಗೆದ್ದಲು ಎರಡೂ ಒಂದೇನಾ?

ತೆಂಗಿನತೋಟ: ಬಾಗಿಲ ಚೌಕಟ್ಟಿಂದ ದಿನಾ ಗಸಗಸೆ ಥರ ಸಣ್ಣ ಕಾಳು ಉದುರ್ತಿದೆ, ಗುಡಿಸಿದ್ರೂ ಮತ್ತೆ ಬೀಳತ್ತೆ. ಮಣ್ಣಿನ ಗೆರೆ ಎಲ್ಲೂ ಇಲ್ಲ. ಹಿತ್ತಲ ತೋಟದಲ್ಲಿ ಆಳೆತ್ತರದ ಹುತ್ತ ಇದೆ, ಅಲ್ಲಿಂದಾನೇ ಬರ್ತಿರೋದು ಅಗೆಸಿಬಿಡು ಅಂತ ಮನೇಲಿ ಎಲ್ರೂ ಹೇಳ್ತಿದಾರೆ, ಪೆಸ್ಟ್ ಕಂಟ್ರೋಲ್‌ನವ್ರು ನೋಡಿದ್ರೆ ನೆಲ ಡ್ರಿಲ್ ಮಾಡಿ ಔಷಧಿ ಬಿಡ್ಬೇಕು ಅಂತಾರೆ. ನಂಗೆ ಹುತ್ತ ಒಡೆಯೋಕೆ ಮನಸ್ಸಿಲ್ಲ. ಏನ್ ಮಾಡ್ಲಿ?

ಮಲೆನಾಡ್ ಹುಳ: ದಯವಿಟ್ಟು ಹುತ್ತ ಮುಟ್ಬೇಡಿ. ಉದುರ್ತಿರೋದು ಒಣಮರದ ಗೆದ್ದಲಿನ ಹಿಕ್ಕೆ, ಲೆನ್ಸ್ ಇಟ್ಟು ನೋಡಿ, ಒಂದೊಂದು ಕಾಳಿಗೂ 6 ಮುಖ ಇರತ್ತೆ. ಹೆಚ್ಚಾಗಿ ಕ್ರಿಪ್ಟೋಟರ್ಮಿಸ್ ಅನ್ನೋ ಗೆದ್ದಲು ಇರ್ಬೇಕು. ಇವಕ್ಕೆ ಮಣ್ಣಿನ ಸಹವಾಸಾನೇ ಬೇಡ, ಇಡೀ ಸಂಸಾರ ಆ ಮರದೊಳಗೇ, ಹಿಕ್ಕೆಯಲ್ಲಿರೋ ನೀರನ್ನೂ ಹೀರ್ಕೊಂಡು ಒಣಗಿಸಿ ಸಣ್ಣ ತೂತಿಂದ ಹೊರಗೆ ತಳ್ತವೆ, ಶತ್ರು ಬಂದ್ರೆ ಸೈನಿಕ ಹುಳ ತಲೆ ಅಡ್ಡ ಕೊಟ್ಟು ದಾರಿ ಮುಚ್ಚತ್ತೆ. ಬೇರೆ ಕೆಲಸಗಾರ ಜಾತಿ ಅಂತಾನೇ ಇಲ್ಲ, ಬೆಳೀತಿರೋ ಮರಿಗಳೇ ದುಡಿಯೋದು. ಅದಕ್ಕೇ ನೆಲ ಡ್ರಿಲ್ ಮಾಡ್ಸಿದ್ರೆ ದುಡ್ಡು ದಂಡ.

ಹುತ್ತದ್ದು ಒಡಾಂಟೋಟರ್ಮಿಸ್ ಅನ್ನೋ ಗೆದ್ದಲು, ಅದರ ಬದುಕೇ ಬೇರೆ. ತಿಂದ ಕಡ್ಡಿ ಎಲೆಯ ಹಿಕ್ಕೆಯಿಂದ ಒಳಗೆ ಗೂಡು ಕಟ್ಟಿ, ಅದರ ಮೇಲೆ ಟರ್ಮಿಟೋಮೈಸಿಸ್ ಅನ್ನೋ ಶಿಲೀಂಧ್ರ ಬೆಳೆಸ್ತವೆ, ತಮಗೆ ಅರಗದ್ದನ್ನ ಆ ಶಿಲೀಂಧ್ರ ಕರಗಿಸಿಕೊಟ್ಮೇಲೆ ಮತ್ತೆ ತಿನ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳೋ ರುಚಿಯಾದ ಅಣಬೆ ಅದೇ! ಎಷ್ಟು ಅದ್ಭುತ ಅಲ್ವಾ, ಬೇಸಾಯ ಮಾಡೋ ಹುಳ!

ಕಬ್ಬಿನಗದ್ದೆ: ಒಪ್ಪಿದೆ, ಆದ್ರೆ ಹುತ್ತದ್ದು ಪಾಪದ ಹುಳ ಅಂತ ಪೂರ್ತಿ ಬಿಟ್ಬಿಡ್ಬೇಡಿ. ನಾಟಿ ಮಾಡಿದ ಕಬ್ಬಿನ ತುಂಡು, ಎಳೆ ತೆಂಗಿನ ಸಸಿ ಎರಡಕ್ಕೂ ಒಡಾಂಟೋಟರ್ಮಿಸ್ ಬೀಳತ್ತೆ, ಮಣ್ಣಿನ ಗೆರೆ ಎಳ್ಕೊಂಡು ಮನೆಗೂ ಬರತ್ತೆ. ದೊಡ್ಡ ಮರದ ಕಾಂಡದ ಮೇಲೆ ಮಣ್ಣು ಮೆತ್ತಿದ್ರೆ ಗಾಬರಿ ಬೇಡ, ಬಹಳಷ್ಟು ಸಲ ಒಣಗಿದ ತೊಗಟೆ ಅಷ್ಟೇ ತಿಂತಿರತ್ತೆ.

ಮಲೆನಾಡ್ ಹುಳ: ಹೌದು, ಅದು ಸರಿ. ಮನೇಲಿ ಮಣ್ಣಿನ ಗೆರೆ ಕಂಡ್ರೆ ಸ್ವಲ್ಪ ಒಡೆದು ಸೈನಿಕನ್ನ ಕಡ್ಡೀಲಿ ಕೆಣಕಿ ನೋಡಿ, ಹಣೆಯಿಂದ ಹಾಲಿನಂತ ಬಿಳಿ ದ್ರವ ಬಂದ್ರೆ ಅದು ಕಾಪ್ಟೋಟರ್ಮಿಸ್ ಅನ್ನೋ ಮೂರನೇ ಥರದ ಗೆದ್ದಲು. ಅದು ಶಿಲೀಂಧ್ರ ಬೆಳೆಸಲ್ಲ, ಕರುಳಲ್ಲಿರೋ ಏಕಕೋಶ ಜೀವಿಗಳೇ ಮರ ಜೀರ್ಣ ಮಾಡ್ಕೊಡ್ತವೆ. ತೇವ ಬೇಕೇ ಬೇಕು ಅದಕ್ಕೆ, ಹಾಗಾಗಿ ಮೊದ್ಲು ಪೈಪ್ ಲೀಕ್ ಹುಡುಕ್ಬೇಕು.

ತೆಂಗಿನತೋಟ: 6 ಮುಖ ಕಂಡ್ತು! ಹುತ್ತ ಒಡೆಸಲ್ಲ. ಚೌಕಟ್ಟಿಗೆ ಏನ್ ಮಾಡೋದು?

ಮಲೆನಾಡ್ ಹುಳ: ಬೆರಳಲ್ಲಿ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಮರಕ್ಕೇ ಔಷಧಿ ಇಂಜೆಕ್ಟ್ ಮಾಡ್ಸಿ, ಪೂರ್ತಿ ಟೊಳ್ಳಾಗಿದ್ರೆ ಆ ತುಂಡು ಬದಲಾಯಿಸಿ. ಹಳೇ ಮಂಚ, ಕುರ್ಚೀನೂ ನೋಡ್ಕೊಳ್ಳಿ, ಇವು ಫರ್ನಿಚರ್ ಜೊತೇಲೇ ಮನೆಯಿಂದ ಮನೆಗೆ ಹೋಗೋದು.