ಸಹಾಯ ಬೇಕು: ಹಳೆಯ ಡೀಸೆಲ್ ಕಾರಿನಲ್ಲಿ ಬಂದು ಹೋಗುವ ವಿದ್ಯುತ್ ದೋಷ

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ (ಕಂಪ್ಯೂಟರ್ ನಿಯಂತ್ರಣವಿಲ್ಲದೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪ್) ಇರುವ ನನ್ನ ಹಳೆಯ ಡೀಸೆಲ್ ಕಾರು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕೆಲವೊಮ್ಮೆ ಓಡುತ್ತಿರುವಾಗಲೇ ನಿಂತುಬಿಡುತ್ತದೆ. ಅದೇ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ಮೀಟರುಗಳೂ ಸತ್ತುಹೋಗುತ್ತವೆ, ಆದರೆ ಹೆಡ್‌ಲೈಟ್ ಮಂಕಾಗುವುದಿಲ್ಲ. ಇಂತಹ ಎಂಜಿನ್ ಓಡುತ್ತಿರಲು ವಿದ್ಯುತ್ ಬೇಕಾಗುವುದು ಬಹುಮಟ್ಟಿಗೆ ಇಂಧನ ತಡೆಯುವ ಸೊಲೆನಾಯ್ಡಿಗೆ (ವಿದ್ಯುತ್ ಇರುವವರೆಗೆ ತೆರೆದಿದ್ದು, ಕಡಿದರೆ ಇಂಧನ ನಿಲ್ಲಿಸುವ ಕವಾಟ) ಮಾತ್ರವಾದ್ದರಿಂದ, ಅದಕ್ಕೆ ಹೋಗುವ 12 ವೋಲ್ಟ್ ಪೂರೈಕೆ ಕ್ಷಣಕಾಲ ಕಡಿದುಹೋಗುತ್ತಿದೆ ಎಂಬುದು ನನ್ನ ಅನುಮಾನ. ಬ್ಯಾಟರಿ 12.6 ವೋಲ್ಟ್, ಎಂಜಿನ್ ಓಡುವಾಗ 14.2 ವೋಲ್ಟ್ ತೋರಿಸುತ್ತದೆ, ಅಂದರೆ ಬ್ಯಾಟರಿ ಮತ್ತು ಚಾರ್ಜಿಂಗ್ ಸರಿಯಿವೆ. ಅರ್ತ್ ತಂತಿಯೂ ಗಟ್ಟಿಯಾಗಿದೆ. ಗ್ಯಾರೇಜಿನಲ್ಲಿ ದೋಷ ಕಾಣಿಸಿಕೊಳ್ಳುವುದೇ ಇಲ್ಲ, ಕಷ್ಟವಿರುವುದೇ ಅಲ್ಲಿ. ಸೊಲೆನಾಯ್ಡಿನ ತಂತಿಗೆ ಪರೀಕ್ಷಾ ದೀಪವನ್ನು ಜೋಡಿಸಿ, ಪಕ್ಕದಲ್ಲಿ ಕುಳಿತವರು ಅದನ್ನು ಗಮನಿಸುವಂತೆ ಮಾಡಿ ಓಡಿಸಿ ನೋಡುವುದು ಸರಿಯೇ, ಅಥವಾ ಮೊದಲು ಇಗ್ನಿಷನ್ ಸ್ವಿಚ್ಚಿನ ಸಂಪರ್ಕಗಳನ್ನು ಬಿಚ್ಚಿ ಪರಿಶೀಲಿಸಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.