ಆಕ್ಸಿಮೀಟರ್ ಒಮ್ಮೆ 97, ಮರುಕ್ಷಣ 91: ಯಾವುದನ್ನು ನಂಬುವುದು?

ಪ್ರಶ್ನೆ: ಸೋಂಕು ತಗುಲಿ ಮನೆಯಲ್ಲೇ ಇರುವವರಿಗೆ ಆಕ್ಸಿಮೀಟರ್ (ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಬೆರಳಿನಿಂದ ಅಳೆಯುವ ಸಾಧನ) ಹಾಕಿದರೆ ಅಂಕಿ ಹೀಗೇಕೆ ಕುಣಿಯುತ್ತೆ?

ಉತ್ತರ 1: ಬಹಳ ಸಲ ಬೆರಳು ತಣ್ಣಗಿರುತ್ತೆ, ಇಲ್ಲವೇ ಅಲುಗಾಡುತ್ತೆ, ನಾಡಿಮಿಡಿತ ಸರಿಯಾಗಿ ಸಿಗಲ್ಲ. ಉಗುರುಬಣ್ಣ ತೆಗೆಸಿ, 5 ನಿಮಿಷ ಸುಮ್ಮನೆ ಕೂರಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿ. ತೋರುಬೆರಳು ಅಥವಾ ನಡುಬೆರಳು, ಕೈ ಎದೆಯ ಮಟ್ಟದಲ್ಲಿ. ಕನಿಷ್ಠ 1 ನಿಮಿಷ ಕಾದು, ಅಂಕಿ 5 ಸೆಕೆಂಡ್ ಬದಲಾಗದೆ ನಿಂತ ಮೇಲೆ ಬರೆದುಕೊಳ್ಳಿ. ಮೊದಲು ಕಂಡ ಅಂಕಿಗೆ ಬೆಲೆಯಿಲ್ಲ.

ಉತ್ತರ 2: ದಿನಕ್ಕೆ 3 ಸಲ, ಅದೇ ಬೆರಳು. 95 ಅಥವಾ ಮೇಲಿದ್ದರೆ ಸರಿ. 93–94 ಬಂದರೆ ಮತ್ತೊಮ್ಮೆ ಅಳೆದು ವೈದ್ಯರಿಗೆ ಫೋನ್ ಮಾಡಿ, 92ಕ್ಕಿಳಿದರೆ ಆಸ್ಪತ್ರೆಗೇ. ಹಳೇ ಶ್ವಾಸಕೋಶದ ಕಾಯಿಲೆಯವರ ಮಿತಿ ಬೇರೆ, ವೈದ್ಯರನ್ನೇ ಕೇಳಿ.

ಉತ್ತರ 3: ಒಂದು ಮಾತು ಬಿಟ್ಟುಹೋಯಿತು. ಕಪ್ಪು ಚರ್ಮದವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಒಂದು ವಾಕ್ಯ ಮುಗಿಸಲೂ ಏದುಸಿರು ಬಂದರೆ, ತುಟಿ ನೀಲಿಯಾದರೆ, 96 ಇದ್ದರೂ ಕಾಯಬೇಡಿ.